ಬಡ್ಡಿಯಿಲ್ಲದ ಸಾಲ

ಅಫ್ಸರ್ ಪಾಷಾ ಬಡ್ಡಿ ತಿನ್ನುವವನಲ್ಲ ಎಂಬುದು ಮಂಡ್ಯದ ಪೇಟೆಗೆಲ್ಲ ಗೊತ್ತಿತ್ತು. ಮದುವೆ ಮುಂಜಿಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವನದು. ಕಷ್ಟವೆಂದು ಬಂದ ನೆಂಟರಿಷ್ಟರಿಗೆ ಕೈಗಡ ಕೊಡುತ್ತಿದ್ದ, ಕೊಟ್ಟಷ್ಟನ್ನೇ ವಾಪಸು ತೆಗೆದುಕೊಳ್ಳುತ್ತಿದ್ದ. ಯಾರಾದರೂ ಮುಲಾಜಿಗೆ ಬಿದ್ದು ಒಂದು ರೂಪಾಯಿ ಮೇಲೆ ಇಟ್ಟರೆ ಕೈ ಸುಟ್ಟವನ ಹಾಗೆ ಹಿಂದಕ್ಕೆ ತಳ್ಳುತ್ತಿದ್ದ. ಅವನ ತಂಗಿ ಬಿಬಿ ಜಾನ್‌ಗೆ ಈ ವಿಷಯದಲ್ಲಿ ಹೆಮ್ಮೆಯೇ ಇತ್ತು, ಅಣ್ಣನ ಹತ್ತಿರ ತಾನೇ ಸಾಲಗಾರ್ತಿಯಾಗುವ ತನಕ.

ಬಿಬಿ ಜಾನ್ ಇದ್ದದ್ದು ಮದ್ದೂರಿನಲ್ಲಿ. ಗಂಡ ಗೌಸ್ ಪೀರ್ ಕಲಾಯಿ ಕೆಲಸದವನು. ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಕಾಯಿಸಿ ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವುದು ಅವನ ಕಸುಬು. 1941ರ ಬೇಸಿಗೆಯಲ್ಲಿ ಅವನು ವಿಷಮಶೀತ ಜ್ವರದಲ್ಲಿ ಮಲಗಿದಾಗ ಮಂಡ್ಯದಿಂದ ಗಾಡಿ ಕಟ್ಟಿಕೊಂಡು ಬಂದವನು ಅಫ್ಸರ್ ಪಾಷಾನೇ. ಮೈಸೂರಿನ ಆಸ್ಪತ್ರೆಗೆ ಸೇರಿಸಿದ, ಔಷಧಿ ಹಾಲು ಹಣ್ಣು ಎಲ್ಲಕ್ಕೂ ತಾನೇ ಕೊಟ್ಟ. ಗೌಸ್ ಪೀರ್ ಎದ್ದು ಕೂತಾಗ ಖರ್ಚು ನೂರೈವತ್ತು ರೂಪಾಯಿ ಮುಟ್ಟಿತ್ತು. "ನಿಧಾನಕ್ಕೆ ಕೊಡಿ, ನಾನೇನು ಕತ್ತು ಹಿಸುಕ್ತೀನಾ?" ಎಂದಿದ್ದ ಅಫ್ಸರ್ ಪಾಷಾ. ಕತ್ತು ಹಿಸುಕಲಿಲ್ಲ. ಎರಡು ತಿಂಗಳ ಮೇಲೆ ಬಾಗಿಲಿಗೆ ದೇಗು ಬಂದವು.

ದೇಗು ಎಂದರೆ ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ಹಂಡೆ; ಒಬ್ಬ ಆಳು ಒಳಗೆ ಇಳಿದು ನಿಲ್ಲಬಹುದು. ಆರು ದೇಗು, ಕಲಾಯಿ ಸವೆದಿದ್ದವು. ಗೌಸ್ ಪೀರ್ ಮರುಮಾತಿಲ್ಲದೆ ಕಲಾಯಿ ಹಾಕಿ ಕಳಿಸಿದ. ಕೂಲಿ ಕೇಳಲಿಲ್ಲ, ತವರವೂ ಅವನದೇ. ಮತ್ತೆ ಮೂರು ತಿಂಗಳಿಗೆ ಅವೇ ದೇಗು ಬಂದವು. ಆಗ ಬಿಬಿ ಜಾನ್ ಲೆಕ್ಕಕ್ಕೆ ಹಿಡಿಯಲಿಲ್ಲ. ತವರ ರಾತ್ಲಿಗೆ, ಎಂದರೆ ಒಂದು ಪೌಂಡು ತೂಕಕ್ಕೆ, ಎರಡು ರೂಪಾಯಿ ಇತ್ತು, ಊರಿನಲ್ಲಿ ಕೆಲಸವೂ ಇತ್ತು.

ಮರುವರ್ಷ ಜಪಾನಿನವರು ಮಲಯ ಹಿಡಿದರು. ಮದ್ದೂರಿನ ಕಲಾಯಿಗಾರನಿಗೂ ಮಲಯಕ್ಕೂ ಏನು ಸಂಬಂಧ ಎಂದು ಬೀದಿಯವರು ನಗುತ್ತಿದ್ದರು. ತವರ ಬರುತ್ತಿದ್ದದ್ದೇ ಅಲ್ಲಿಂದ. ಬೆಲೆ ನಾಲ್ಕಾಯಿತು, ಆರಾಯಿತು, ಕೊನೆಗೆ ಎಂಟಕ್ಕೂ ಬೆಂಗಳೂರಿನಲ್ಲಿ ಯಾರನ್ನೋ ಹಿಡಿದು ಯಾರನ್ನೋ ಕಾಡಿ ತರಬೇಕಾಯಿತು. ಆ ಬೆಲೆಗೆ ತಕ್ಕ ಕೂಲಿ ಹೇಳಿದರೆ ಜನ ಪಾತ್ರೆ ವಾಪಸು ಎತ್ತಿಕೊಂಡು ಹೋಗಿ ಮಣ್ಣಿನ ಮಡಕೆಯಲ್ಲಿ ಸಾರು ಕಾಯಿಸಿದರು. ಬೇರೆ ಕೆಲವರು ತವರಕ್ಕೆ ಸೀಸ ಬೆರೆಸಿ ಅಗ್ಗಕ್ಕೆ ಹಾಕಿಕೊಡುತ್ತಿದ್ದರು. ಗೌಸ್ ಪೀರ್ ಅದಕ್ಕೆ ಒಪ್ಪಲಿಲ್ಲ. ಅನ್ನ ಬೇಯುವ ಪಾತ್ರೆಗೆ ಸೀಸ ಬಳಿಯುವುದೂ ಅನ್ನಕ್ಕೆ ವಿಷ ಹಾಕುವುದೂ ಒಂದೇ ಎಂದು ಕೆಂಡಕ್ಕೆ ಗಾಳಿ ಊದುವ ತಿದಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದ.

ಮನೆ ನಡೆದದ್ದು ಬಿಬಿ ಜಾನ್‌ಳ ಸೂಜಿಯಿಂದ. ಸಿಪಾಯಿಗಳ ಖಾಕಿ ಅಂಗಿ ಹೊಲಿಸುವ ಮಂಡ್ಯದ ಗುತ್ತಿಗೆದಾರನೊಬ್ಬ ಕಾಜಾ ಹಾಕುವ ಕೆಲಸವನ್ನು ಮನೆಮನೆಗೆ ಕೊಡುತ್ತಿದ್ದ. ಗುಂಡಿ ತೂರುವ ಕಂಡಿಗೆ ಸುತ್ತ ದಾರದ ಅಂಚು ಕಟ್ಟುವ ಕೆಲಸ. ಖಾಕಿ ಬಟ್ಟೆ ದಪ್ಪ. ಬೆರಳ ತುದಿ ಒಡೆದು ದಾರಕ್ಕೆ ರಕ್ತ ಹತ್ತಿದರೆ ಆ ಅಂಗಿಗೆ ದುಡ್ಡಿಲ್ಲ. ಹೀಗೆ ಕೂಡಿಸಿ ಕೂಡಿಸಿ ಅವಳು ಅಣ್ಣನಿಗೆ ಅರವತ್ತು ತೀರಿಸಿದ್ದಳು. ತೊಂಬತ್ತು ಉಳಿದಿತ್ತು.

1943ರ ಆಗಸ್ಟ್. ರಂಜಾನಿಗೆ ಮುಂಚೆ ಮದುವೆ ಮುಗಿಸುವವರ ಅವಸರದ ಕಾಲ. ಗಾಡಿ ಹೊಡೆಯುವ ಕೆಂಪಸಿದ್ದಯ್ಯ ಬಂದು ಬಾಗಿಲಲ್ಲಿ ದೇಗು ಇಳಿಸತೊಡಗಿದ.

"ಸಾಬ್ರೇ, ಮಳವಳ್ಳಿ ಮದ್ವೆಗಂತೆ. ನಾಡಿದ್ದು ಬತ್ತೀನಿ, ಓಯ್ತೀನಿ. ಚೆಂದಾಗಿ ಬೆಳ್ಳಗ್ ಮಾಡ್ಬುಡ್ಬೇಕಂತೆ."

"ಇಳಿಸು ಕೆಂಪಸಿದ್ದಯ್ಯ, ಇಳಿಸು. ನೀರು ಕುಡೀತೀಯಾ?" ಎಂದ ಗೌಸ್ ಪೀರ್. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಕೆಲಸಗಾರನ ಠೀವಿ ಇತ್ತು.

ಪರದೆಯ ಹಿಂದೆ ಬಿಬಿ ಜಾನ್ ಕಾಜಾ ಹಾಕುತ್ತಿದ್ದವಳು ಸೂಜಿ ನಿಲ್ಲಿಸಿದಳು. ಮನೆಯಲ್ಲಿ ಉಳಿದಿದ್ದದ್ದು ಎರಡು ರಾತ್ಲು ತವರ. ಸ್ಟೇಷನ್ ರಸ್ತೆಯ ಹೋಟೆಲಿನ ಶ್ಯಾಮಣ್ಣ ತನ್ನ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಸಲು ಒಪ್ಪಿ ಹಿಂದಿನ ದಿನವಷ್ಟೇ ಹೇಳಿಕಳಿಸಿದ್ದ. ಕೇಳಿದಷ್ಟು ಕೂಲಿ, ಕೈಗೇ ನಗದು. ಆ ತವರ ಹೋಟೆಲಿಗೆ ಹೋದರೆ ಸಾಲದ ಒಂದು ದೊಡ್ಡ ಪಾಲು ಹರಿಯುತ್ತಿತ್ತು. ದೇಗುಗಳಿಗೆ ಹೋದರೆ ಹಿಡಿಯಷ್ಟೂ ಉಳಿಯುವುದಿಲ್ಲ. ಸಾಲ ಇರುವ ತನಕ ದೇಗು ಬರುತ್ತವೆ, ದೇಗು ಬರುವ ತನಕ ಸಾಲ ತೀರುವುದಿಲ್ಲ.

ಗಾಡಿ ಬೀದಿ ದಾಟಿತು. ಆ ಮನೆಯ ಮಾತು ಉರ್ದು. ಆದರೆ ವ್ಯಾಪಾರಕ್ಕೂ ಜಗಳಕ್ಕೂ ಬೀದಿಯ ಕನ್ನಡವೇ ನಾಲಿಗೆಗೆ ಬರುತ್ತಿತ್ತು.

"ರೀ, ಶ್ಯಾಮಣ್ಣಂಗೆ ಏನು ಹೇಳ್ತೀರಿ?"

"ಮುಂದಿನ ತಿಂಗಳು ಅಂತೀನಿ."

"ಮುಂದಿನ ತಿಂಗಳು ತವರ ಆಕಾಶದಿಂದ ಉದುರುತ್ತಾ?"

"ನಿನ್ನ ಅಣ್ಣನ ದೇಗು ಕಣೇ. ಬೇರೆಯವರದ್ದಾ?"

"ಅಣ್ಣ ನನ್ನೋನು, ತವರ ನಿಮ್ದು. ಯಾರಿಗ್ ಹೊಟ್ಟೆ ಉರೀಬೇಕೋ ಅವರಿಗೆ ಉರೀತಿಲ್ಲ, ನನಗೆ ಉರೀತಿದೆ."

ಗೌಸ್ ಪೀರ್ ಮರಳಿನ ಚೀಲ ಎಳೆದುಕೊಂಡ. ಒಂದು ದೇಗಿನೊಳಗೆ ಇಳಿದು, ಅಂಚು ಹಿಡಿದು, ಪಾದದಡಿ ಮರಳು ಹುಣಸೆಹಣ್ಣು ಹಾಕಿ ಸೊಂಟ ತಿರುಗಿಸುತ್ತ ಉಜ್ಜತೊಡಗಿದ.

ಬಿಬಿ ಜಾನ್ ಮತ್ತೆ ಅಂಗಿ ತೊಡೆಯ ಮೇಲೆಳೆದುಕೊಂಡಳು. ಒಂದು ಕಾಜಾ ಓರೆಯಾಯಿತು, ಬಿಚ್ಚಿದಳು. ಇನ್ನೊಂದರಲ್ಲಿ ದಾರ ಕಗ್ಗಂಟಾಯಿತು. ಎದ್ದು ಒಲೆಗೆ ಸೌದೆ ಒಟ್ಟಿ, ಪಾತ್ರೆ ಇಡಲು ಮರೆತು ಬಂದಳು. ಹೊರಗೆ ಮರಳಿನ ಕರಕರ ನಿಲ್ಲಲೇ ಇಲ್ಲ. ಆ ಸದ್ದಿಗೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಸಂಜೆಯ ಹೊತ್ತಿಗೆ ಅವಳೊಂದು ನಿರ್ಧಾರಕ್ಕೆ ಬಂದಳು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಬೇಡವೆನ್ನುತ್ತಿದ್ದ, ಬೇಡವೆಂದಮೇಲೂ ಹೊರಟರೆ ಅದು ಇನ್ನೊಂದು ಜಗಳ.

ಬೆಳಿಗ್ಗೆ, ತಯಾರಾದ ಅಂಗಿಗಳನ್ನು ಗುತ್ತಿಗೆದಾರನಿಗೆ ತಾನೇ ಕೊಟ್ಟುಬರುತ್ತೇನೆಂದು ಬುರ್ಖಾ ಹೊದ್ದು ಸ್ಟೇಷನ್ನಿಗೆ ನಡೆದಳು. ಜೊತೆಗೆ ಮಾಯಮ್ಮ ಸಿಕ್ಕಳು. ನಿಡಘಟ್ಟದವಳು, ಮಂಡ್ಯದ ಸಂತೆಬೀದಿಯಲ್ಲಿ ವೀಳ್ಯದೆಲೆ ಮಾರುವವಳು. ಬಿಬಿ ಜಾನ್‌ಳ ಮನೆ ಮುಂದೆಯೇ ದಿನಾ ಹಾದುಹೋಗುತ್ತಿದ್ದಳು.

ರೈಲುಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಯಮ್ಮ ಎಲೆಬುಟ್ಟಿಯನ್ನು ಬಾಗಿಲಿಗೆ ಅಡ್ಡ ಇಟ್ಟು ಅದರ ಪಕ್ಕ ಬಿಬಿ ಜಾನ್‌ಗೂ ಒಂದಿಷ್ಟು ಜಾಗ ಮಾಡಿದಳು.

"ಏನ್ ಬೂಬಮ್ಮ, ಕೈ ಹಿಂಗ್ ಇಸಕ್ತಾ ಇದ್ದೀಯ? ಅಂಗಿ ಎಣ್ಕೆ ತೆಪ್ಪೋಯ್ತಾ?"

"ಇಲ್ಲ ಮಾಯಮ್ಮ. ಅಣ್ಣನ ಹತ್ರ ಹೋಗ್ತಿದೀನಿ."

"ಅಣ್ಣನ ಮನ್ಗೆ ಓಗೋ ಮೊಕ ಹಿಂಗಿರ್ತದಾ? ದಾವಾ ಆಕಕ್ಕೆ ಓಗೋರ್ ತರ ಇದ್ದೀಯ ಕಣಮ್ಮ."

ಬಿಬಿ ಜಾನ್‌ಗೆ ನಗು ಬರಲಿಲ್ಲ. ಹನಕೆರೆಯಲ್ಲಿ ಗಾಡಿ ನಿಂತಿತು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕಂತೆ. ಅವಳು ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಅದರಲ್ಲಿ ಇಪ್ಪತ್ತೆರಡು ರೂಪಾಯಿ ಇತ್ತು. ಮತ್ತೆ ಮುಟ್ಟಿದಳು. ಇಳಿದು ನಡೆದೇ ಹೋಗಿಬಿಡೋಣವೇ ಎಂದು ಕೇಳಿದಳು. "ನಡ್ಕೊಂಡೋದ್ರೆ ಸಂದ್ಗೆ ಓಯ್ತೀಯ. ಕುಂತ್ಕೊ" ಎಂದು ಮಾಯಮ್ಮ ಅವಳ ಬುರ್ಖಾ ಹಿಡಿದು ಕೂರಿಸಿದಳು.

ಅಣ್ಣನ ಮನೆಯಲ್ಲಿ ಅತ್ತಿಗೆ ಅಜೀಜಾ ಬಾಗಿಲು ತೆರೆದಳು. ಅಫ್ಸರ್ ಪಾಷಾ ಹಜಾರದಲ್ಲಿ ಕೂತು ಸೌಟುಗಳನ್ನು ಎಣಿಸಿ ಹಗ್ಗಕ್ಕೆ ಪೋಣಿಸುತ್ತಿದ್ದ.

"ಏನಮ್ಮಾ, ಹೇಳದೆ ಕೇಳದೆ? ಅವನಿಗೆ ಮತ್ತೆ ಜ್ವರವಾ?" ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಅದನ್ನು ಕಂಡು ಬಿಬಿ ಜಾನ್ ಚಾಪೆಯ ತುದಿಯಲ್ಲಿ ಕೂತಳು.

"ಜ್ವರ ಇಲ್ಲ ಭಾಯಿ. ಸಾಲದ ಮಾತಾಡೋಕೆ ಬಂದೆ."

"ಸಾಲದ ಮಾತು ನಾನು ಯಾವತ್ತಾದ್ರೂ ಎತ್ತಿದೀನಾ?"

"ನೀನು ಎತ್ತಿಲ್ಲ. ಅದಕ್ಕೇ ನಾನು ಎತ್ತಬೇಕಾಯ್ತು." ಗಂಟು ಬಿಚ್ಚಿ ಹಣ ಚಾಪೆಯ ಮೇಲಿಟ್ಟಳು. "ಇಪ್ಪತ್ತೆರಡಿದೆ. ಇದು ಕಳೆದ್ರೆ ಎಷ್ಟುಳೀತು?"

"ಅರವತ್ತೆಂಟು" ಎಂದ ಅಫ್ಸರ್ ಪಾಷಾ, ಯೋಚನೆ ಮಾಡದೆ.

"ತವರ ಕಳೆದಿದ್ದೀಯಾ?"

"ಯಾವ ತವರ?"

"ಎರಡು ವರ್ಷದಿಂದ ನಿನ್ನ ದೇಗುಗಳಿಗೆ ಹಾಕಿದ ತವರ. ಕೂಲಿ ಬಿಡು."

"ಅದು ನಿನ್ನ ಗಂಡ ಪ್ರೀತಿಗೆ ಮಾಡಿಕೊಟ್ಟದ್ದು. ನಾನು ಕೇಳಿದೀನಾ?"

"ಗಾಡಿ ಮೇಲೆ ಗಾಡಿ ಕಳಿಸ್ತೀಯ. ಅದಕ್ಕಿಂತ ಬಾಯಿಬಿಟ್ಟು ಇನ್ನು ಹ್ಯಾಗೆ ಕೇಳ್ತಾರೆ?"

ಅಜೀಜಾ ಚಹಾ ತಂದಿಟ್ಟಳು. ಬಿಬಿ ಜಾನ್ ಅವಳ ಕಡೆ ತಿರುಗಿದಳು. "ಭಾಬಿ, ನಮ್ಮ ಮನೆಯೋರಿಗೆ ಜ್ವರ ಬರೋಕೆ ಮುಂಚೆ ಈ ದೇಗುಗಳಿಗೆ ಯಾರು ಕಲಾಯಿ ಹಾಕ್ತಿದ್ರು?"

"ಇಲ್ಲೇ ಪೇಟೆಯವನೊಬ್ಬ ಇದ್ದ. ಬಲು ದುಬಾರಿ ಮನುಷ್ಯ" ಎಂದಳು ಅಜೀಜಾ. ಹೇಳಿದಮೇಲೆ ಗಂಡನ ಮುಖ ನೋಡಿ, ಸಕ್ಕರೆ ತರುವ ನೆಪದಲ್ಲಿ ಒಳಗೆ ಹೋದಳು.

ಬಿಬಿ ಜಾನ್ ದನಿ ಏರಿಸಲಿಲ್ಲ. "ಸಾಲ ಕೊಡೋಕೆ ಮುಂಚೆ ದುಡ್ಡು ಕೊಟ್ಟು ಹಾಕಿಸ್ತಿದ್ದೆ. ಸಾಲ ಕೊಟ್ಟಮೇಲೆ ಬಿಟ್ಟಿ. ಭಾಯಿ, ನೀನು ಐದು ಹೊತ್ತು ನಮಾಜು ಮಾಡೋನು. ಸಾಲ ಕೊಟ್ಟದ್ದರಿಂದ ಬಂದ ಲಾಭಕ್ಕೆ ಏನಂತಾರೆ, ನೀನೇ ಹೇಳು. ಸಾಲದಲ್ಲಿ ಮುರ್ಕೊಂಡ್ರೆ ಅದು ತೀರಿಕೆ. ಮುರ್ಕೊಳ್ಳದೆ ಹೋದ್ರೆ..."

ಆ ಮಾತನ್ನು ಅವಳು ಮುಗಿಸಲಿಲ್ಲ. ಸೌಟಿನ ಹಗ್ಗ ಅಫ್ಸರ್ ಪಾಷಾನ ಕೈಯಿಂದ ಜಾರಿತು.

"ನನ್ನ ಮನೇಲಿ ಕೂತು ನನ್ನನ್ನ ಬಡ್ಡಿಕೋರ ಅಂತೀಯಾ?"

"ನಾನಂದಿಲ್ಲ. ಅನ್ನಿಸ್ಕೋಬೇಡ ಅಂತ ಬಂದೆ."

ಅವನು ಎದ್ದು ಬಾಗಿಲ ತನಕ ಹೋದ, ಹಿಂದಿರುಗಿದ, ಮತ್ತೆ ಹೋದ. ನಾಲ್ಕು ಜನ ನಂಬಿದ ಹೆಸರು ಅವನದು; ತಂಗಿಯ ಪ್ರಶ್ನೆಯನ್ನು ಮಸೀದಿಯ ಕಟ್ಟೆಯ ಮೇಲೆ ಯಾರಾದರೂ ಕೇಳಿದರೆ ಏನು ಹೇಳುವುದೆಂದು ಹುಡುಕುತ್ತಿದ್ದ ಹಾಗಿತ್ತು. ಕೊನೆಗೆ ಚಾಪೆಯ ಮೇಲಿನ ಹಣವನ್ನು ಕಾಲಿನ ಹತ್ತಿರದಿಂದಲೇ ಅವಳ ಕಡೆ ಸರಿಸಿದ.

"ಎತ್ಕೋ. ತೀರ್ತು. ಪೂರ್ತಿ ತೀರ್ತು. ಒಂದು ಕಾಸೂ ಬಾಕಿಯಿಲ್ಲ. ಆದ್ರೆ ಒಂದು ಕೇಳ್ತೀನಿ. ನೀನಿಲ್ಲಿಗೆ ಬಂದದ್ದು ಅವನಿಗೆ ಗೊತ್ತಾ?"

ಅವಳು ಹಣ ಎತ್ತಿಕೊಂಡಳು. ಚಹಾ ಹಾಗೇ ಇತ್ತು.

ಸಾಲ ತೀರಿದವಳಿಗೆ ಮೈ ಹಗುರಾಗಬೇಕಿತ್ತು. ಸಂಜೆಯ ರೈಲಿನಲ್ಲಿ ಮದ್ದೂರಿಗೆ ಬರುವ ತನಕ ಬಿಬಿ ಜಾನ್ ಕೂತ ಕಡೆ ಕೂರಲಿಲ್ಲ. ಹೇಗೆ ಹೇಳುವುದೆಂದು ಒಂದು ಬಗೆ ಜೋಡಿಸಿಕೊಂಡಳು, ಅದು ಸರಿಬರದೆ ಇನ್ನೊಂದು ಬಗೆ ಜೋಡಿಸಿದಳು. ಬೀದಿಯ ತುದಿಗೆ ಬಂದಾಗಲೇ ಕಲಾಯಿಗೆ ಹಾಕುವ ನವಸಾಗರದ ಹೊಗೆಯ ಘಾಟು ಮೂಗಿಗೆ ಬಡಿಯಿತು. ಅವಳು ಓಡುನಡಿಗೆಯಲ್ಲಿ ಬಂದಳು. ಮೂರು ದೇಗುಗಳ ಒಳಮೈ ಚಂದ್ರನ ಹಾಗೆ ಹೊಳೆಯುತ್ತಿತ್ತು. ನಾಲ್ಕನೆಯದನ್ನು ಗೌಸ್ ಪೀರ್ ಕೆಂಡದ ಮೇಲೆ ಏರಿಸುತ್ತಿದ್ದ.

"ನಿಲ್ಲಿಸಿ. ಸಾಲ ತೀರ್ತು."

ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ. ಗೌಸ್ ಪೀರ್ ದೇಗನ್ನು ಇಕ್ಕಳದಿಂದ ಇಳಿಸಿ, ಕೆಂಡಕ್ಕೆ ಬೂದಿ ಮುಚ್ಚಿ, ಕೈ ಒರೆಸಿಕೊಂಡು ಕೂತ. ಬೈಯುತ್ತಾನೆಂದು ಅವಳು ಕಾದಳು.

"ಅದು ಬಡ್ಡಿ ಅಲ್ಲ ಬಿಬಿ" ಎಂದ. "ಸಾಲಕ್ಕೆ ಕಟ್ಟಿದ್ದೂ ಅಲ್ಲ. ನಾನು ಕೊಟ್ಟದ್ದು. ಆಸ್ಪತ್ರೇಲಿ ನನ್ನ ಬಾಯಿಗೆ ನೀರು ಬಿಟ್ಟೋನು ಅವನು. ಕೊಡೋಕೆ ನನ್ನತ್ರ ಇನ್ನೇನಿತ್ತು? ಒಂದೊಂದು ದೇಗಿಗೂ ಅದನ್ನೇ ನೆನೆಸ್ಕೊಂಡು ತವರ ಬಳಿಯೋ ಅರಳೆ ಆಡಿಸಿದ್ದೀನಿ. ನೀನು ಹೋಗಿ ಅದನ್ನ ತೂಕಕ್ಕೆ ಹಾಕಿ ಮಾರಿ ಬಂದೆ."

"ನಾನು ಮಾರಿಲ್ಲ..."

"ಕೊಟ್ಟದ್ದನ್ನ ವಾಪಸು ಕೇಳೋದು ನನ್ನಿಂದಾಗಲ್ಲ. ನನ್ನ ಲೆಕ್ಕದಲ್ಲಿ ಸಾಲ ಹಂಗೇ ಇದೆ. ನಾಳೆ ನಾನೇ ಹೋಗಿ ಹೇಳ್ತೀನಿ."

ಬಿಬಿ ಜಾನ್ ಅಣ್ಣನ ಹತ್ತಿರ ಗೆದ್ದದ್ದನ್ನು ಗಂಡ ಒಂದೇ ಮಾತಿನಲ್ಲಿ ಸೋತಿದ್ದ. ಅವಳು ಎದುರಿಗೆ ಕೂತು ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬೆರಳ ತುದಿಗಳು ಒಡೆದು ಕಪ್ಪಾಗಿದ್ದವು.

"ಸಾಲ ನಿಮ್ಮೊಬ್ಬರದ್ದಲ್ಲ. ತೀರಿಸ್ತಿರೋದು ಇವು. ನೀವು ಕೊಟ್ಟದ್ದರಲ್ಲಿ ಇವೂ ಇದ್ದವು. ನನ್ನ ಕೇಳಿದ್ರಾ?"

ಅವನು ಕೈಗಳನ್ನು ನೋಡಿದ.

"ನಿಜ ಹೇಳಿ. ಎಲ್ಲಾ ದೇಗೂ ಪ್ರೀತಿಗೇ ಹಾಕಿದ್ದಾ? ಎಂಟು ರೂಪಾಯಿ ಕೊಟ್ಟು ತಂದ ತವರ ಹಾಕುವಾಗಲೂ?"

ಗೌಸ್ ಪೀರ್ ಸುಳ್ಳು ಹೇಳಲಾರದವನು. ಅದೇ ಅವನ ವ್ಯಾಪಾರದ ಕೇಡೂ ಆಗಿತ್ತು. ಕೈಯನ್ನು ಮತ್ತೊಮ್ಮೆ ಒರೆಸಿಕೊಂಡು, "ಹೋದ ಮೊಹರಂ ತನಕ" ಎಂದ. "ಹಳೇ ತವರ ಅಲ್ಲೀವರೆಗೆ ಬಂತು."

"ಆಮೇಲೆ?"

"ಆಮೇಲೆ ಹೆದರಿಕೆಗೆ. ಬೇಡ ಅಂದ್ರೆ ಸಾಲ ಕೇಳಿಬಿಟ್ರೆ ಅಂತ."

"ಹಂಗಾದ್ರೆ ಮೊಹರಂ ತನಕ ನಿಮ್ಮದು. ಕೊಟ್ಟದ್ದು ಕೊಟ್ಟಾಯ್ತು. ಆಮೇಲಿಂದು ಸಾಲಕ್ಕೆ ಜಮಾ."

ಮೊಹರಂನಿಂದೀಚೆಗೆ ದೇಗು ಬಂದದ್ದು ಮೂರು ಸಲ, ಈ ಸಲ ಆಗಿದ್ದು ಅರ್ಧವಷ್ಟೇ. ಐದು ರಾತ್ಲು ತವರದ ಬೆಲೆ ನಲವತ್ತು ರೂಪಾಯಿ ಆಗುತ್ತಿತ್ತು. ಗಂಟಿನಲ್ಲಿದ್ದ ಇಪ್ಪತ್ತೆರಡು ಸೇರಿಸಿದರೆ ಉಳಿಯುವುದು ಇಪ್ಪತ್ತೆಂಟು. ಪೂರ್ತಿ ತೀರಿದ್ದ ಸಾಲಕ್ಕೆ ಇಪ್ಪತ್ತೆಂಟು ರೂಪಾಯಿ ತಾನಾಗಿ ಹೇರಿಕೊಳ್ಳುವುದು ಬಿಬಿ ಜಾನ್‌ಗೆ ನುಂಗಲಾರದ ತುತ್ತಾಗಿತ್ತು. ಆದರೂ ಅಣ್ಣ "ನೀನಿಲ್ಲಿಗೆ ಬಂದದ್ದು ಅವನಿಗೆ ಗೊತ್ತಾ?" ಎಂದಾಗ ಸುಮ್ಮನಾದವಳು ತಾನೇ. ಒಪ್ಪಿದಳು.

ಮಾರನೆಯ ದಿನ ಕೆಂಪಸಿದ್ದಯ್ಯ ಬಂದ. ಮೂರು ಬೆಳ್ಳಗೆ, ಮೂರು ಕಪ್ಪಗೆ ಇದ್ದ ದೇಗುಗಳನ್ನು ನೋಡಿ ಬಾರುಕೋಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ.

"ಯಾಕ್ ಸಾಬ್ರೇ, ಅರ್ಧಕ್ಕೇ ಬುಟ್ಬುಟ್ರಿ? ನನ್ಗೆ ಬಯ್ತಾರಲ್ಲ ಅವ್ರು!"

"ಈ ಗಂಟು ಭಾಯಿಗೆ ಕೊಡು. ಇಪ್ಪತ್ತೆರಡಿದೆ. ಇನ್ನಿಪ್ಪತ್ತೆಂಟು ಬಾಕಿ, ಕೊಡ್ತೀವಿ ಅನ್ನು" ಎಂದ ಗೌಸ್ ಪೀರ್. ಮುಂದಿನ ಮಾತಿಗೆ ಅವನ ನಾಲಿಗೆ ಏಳಲಿಲ್ಲ.

ಪರದೆಯ ಹಿಂದಿನಿಂದ ಬಿಬಿ ಜಾನ್ ಹೇಳಿದಳು: "ಉಳಿದ ಮೂರಕ್ಕೆ ತವರ ಕಳಿಸಲಿ ಅನ್ನು."

"ನಾನೇನ್ ಅಂಚೆಯವನಾ ಬೂಬಮ್ಮ?" ಎಂದು ಗೊಣಗುತ್ತ ಕೆಂಪಸಿದ್ದಯ್ಯ ಖಾಲಿ ಗಾಡಿ ತಿರುಗಿಸಿದ.

ಅಂದು ಇಬ್ಬರೂ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಗೌಸ್ ಪೀರ್ ತಿದಿಯ ಚರ್ಮಕ್ಕೆ ಎಣ್ಣೆ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಬೀದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಬಿಬಿ ಜಾನ್ ಪರದೆಗೆ ಬರುತ್ತಿದ್ದಳು. ಅಣ್ಣ ಬೇರೆ ಕಲಾಯಿಗಾರನನ್ನು ಹಿಡಿದಿರಬಹುದು. ಇಪ್ಪತ್ತೆರಡನ್ನೂ ಬೀದಿಗೆಸೆದಿರಬಹುದು. ಈದಿಗೆ ಶಾವಿಗೆ ಕಳಿಸುವುದನ್ನೇ ನಿಲ್ಲಿಸಬಹುದು. ಒಂದನ್ನು ನೆನೆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದು ಹೊಳೆಯುತ್ತಿತ್ತು.

ಮರುದಿನ ಮಧ್ಯಾಹ್ನ ಕೆಂಪಸಿದ್ದಯ್ಯ ಮತ್ತೆ ಬಂದ. ಮುಂಡಾಸಿನ ಮಡಿಕೆಯಿಂದ ಒಂದು ಬಟ್ಟೆಯ ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟ. "ದುಡ್ಡ ಇಸ್ಕೊಂಡ್ರು. ಎಣಿಸ್ಲಿಲ್ಲ. ಕೂಲಿ ಬಾಕೀಲಿ ಮುರ್ಕೊಳ್ಳಿ ಅಂದ್ರು. ಇನ್ನೇನೂ ಅನ್ನಲಿಲ್ಲ. ಮೊಕ ಮಾತ್ರ ಹಿಂಗ್ ಮಾಡ್ಕೊಂಡಿದ್ರು" ಎಂದು ಮುಖ ಊದಿಸಿ ತೋರಿಸಿದ.

ಗೌಸ್ ಪೀರ್ ಪೊಟ್ಟಣ ಬಿಚ್ಚಿ ತವರದ ಕಡ್ಡಿಯನ್ನು ಅಂಗೈಯಲ್ಲಿ ತೂಗಿದ. ಬಗ್ಗಿಸಿ ಕಿವಿಯ ಹತ್ತಿರ ಹಿಡಿದು ಅದರ ಕಿರಗುಟ್ಟುವ ಸದ್ದು ಕೇಳಿದ. ಸೀಸ ಬೆರೆಯದ ಅಪ್ಪಟ ತವರ.

"ಎರಡು ದೇಗಿಗೆ ಸಾಕು" ಎಂದ. "ಮೂರಕ್ಕೆ ಬರಲ್ಲ. ಪಾಪ, ಎಷ್ಟು ಬೇಕಾಗುತ್ತೆ ಅಂತ ಅವನಿಗೆ ಗೊತ್ತಿಲ್ಲ."

"ಹದಿನೈದು ವರ್ಷದಿಂದ ದೇಗು ಬಾಡಿಗೆಗೆ ಬಿಡೋನಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು."

ಮೂಲೆಯಲ್ಲಿ, ಮೂರು ದೇಗಿಗೆ ಹಾಕಿ ಉಳಿದು, ಹೋಟೆಲಿಗೆಂದು ಎತ್ತಿಟ್ಟ ಅವರದೇ ತವರ ಇತ್ತು. ಗೌಸ್ ಪೀರ್‌ನ ಕಣ್ಣು ಅತ್ತ ಹೋಯಿತು. ಅಲ್ಲಿಂದ ಕೊನೆಯ ದೇಗಿಗೆ ಬಂತು. ಆಮೇಲೆ ಪರದೆಯ ಕಡೆ ತಿರುಗಿ ಕೇಳಿದ. ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ. "ಏನ್ ಮಾಡ್ಲಿ?"

ಒಂದೇ ದೇಗು. ಕಾಲು ರಾತ್ಲಿಗೆ ಸ್ವಲ್ಪ ಮೇಲೆ ತವರ. ಅಣ್ಣನ ಗಾಬರಿ ಬಿದ್ದ ಮುಖ ಬಿಬಿ ಜಾನ್‌ಳ ಕಣ್ಣಿಗೆ ಕಟ್ಟಿತು, ಆ ಮನೆಯಲ್ಲಿ ಮುಟ್ಟದೆ ಬಿಟ್ಟುಬಂದ ಚಹಾವೂ ನೆನಪಾಯಿತು. ಹಾಕಿಬಿಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಕಿದರೆ ಮುಂದಿನ ಸಲ ಒಂದಕ್ಕಷ್ಟೇ ತವರ ಬರುತ್ತದೆ, ಅದರ ಮುಂದಿನ ಸಲ ಬರೀ ಗಾಡಿ ಬರುತ್ತದೆ.

"ಎರಡು ಹಾಕಿ. ಕೊನೇದು ಹಂಗೇ ಹೋಗಲಿ."

"ಮದ್ವೆ ಮನೆ ಕಣಮ್ಮ!" ಎಂದ ಕೆಂಪಸಿದ್ದಯ್ಯ.

"ಐದರಲ್ಲಿ ಬೇಯಿಸಲಿ. ಇಲ್ಲಾ ಅವರ ಹತ್ರ ಇನ್ನೂ ದೇಗಿದೆ, ಕಳಿಸಲಿ."

ಗೌಸ್ ಪೀರ್ ಪಂಚೆ ಮೇಲಕ್ಕೆ ಕಟ್ಟಿ, ಕೆಂಡ ಕೆದಕಿ, ನಾಲ್ಕನೆಯ ದೇಗನ್ನು ಒಲೆಗೆ ಏರಿಸಿದ. "ಕೆಂಪಸಿದ್ದಯ್ಯ, ಹೋಗೋವಾಗ ಸ್ಟೇಷನ್ ರಸ್ತೇಲಿ ಶ್ಯಾಮಣ್ಣನ ಹೋಟ್ಲಲ್ಲಿ ಒಂದ್ಮಾತು ಹೇಳು" ಎಂದ. "ನಾಳೆ ಬೆಳಿಗ್ಗೆ ಪಾತ್ರೆ ಕಳಿಸ್ಬೇಕಂತೆ ಅನ್ನು."

ಬಿಬಿ ಜಾನ್ ಹೊರಬಂದು ತಿದಿಯ ಹಗ್ಗ ಹಿಡಿದಳು.